ಮುಟ್ಟಬಾರದ ಮೂಲಧನ

ಮಾರ್ಚ್ ೧೪, ಶುಕ್ರವಾರ.

ನಾಳೆಯಿಂದ ನರ್ಸಮ್ಮ ಬರುವುದಿಲ್ಲ. ಅಯ್ಯೋ ವಿಧಿಯೇ! ಮರೆವಿನ ಕಾಯಿಲೆಯ ಹಿರಿಯರಿಗೆಂದು ನಾವು ನಡೆಸುವ ಈ ಹಗಲುಮನೆಯಲ್ಲಿ ಅವರ ಸಂಬಳಕ್ಕೆ ಹಣವಿಲ್ಲ. ಹೊಸ ಅನುದಾನವೇನೋ ಬಂದಿದೆ, ಆದರೆ ಅದು ಸಿಬ್ಬಂದಿಯ ತರಬೇತಿಗೆ ಮಾತ್ರ. ಆಹಾ, ಸಿಬ್ಬಂದಿಯೇ ಇಲ್ಲದ ತರಬೇತಿ! ದತ್ತಿನಿಧಿಯ ಬಡ್ಡಿ ಬಾಡಿಗೆಗೇ ಸರಿಹೋಗುತ್ತದೆ. ನಿಧಿ ಕೊಟ್ಟ ದಾನಿ ಬರೆದುಕೊಡದೆ ಅದರ ಮೂಲಧನ ಮುಟ್ಟುವಂತಿಲ್ಲ.

ಆ ದಾನಿ ನಮ್ಮಲ್ಲೇ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾರೆ. ಈಗ ಅವರಿಗೂ ಅದೇ ಮರೆವು. ಅವರ ಸಹಿ ಇನ್ನು ನಡೆಯದೆಂದು ವಕೀಲರು ಕೈಚೆಲ್ಲಿದರು.

ಬೆಳಗಿನ ಸಭೆಯಲ್ಲಿ ನರ್ಸಮ್ಮನನ್ನು ಉಳಿಸಿಕೊಳ್ಳಲೇಬೇಕೆಂದು ನಾನು, ಹಳೆಯ ನಾಟಕದವನು, ರಂಗವೇ ನಡುಗುವಂತೆ ಗರ್ಜಿಸಿದೆ. ಖಜಾಂಚಿ ಕಣ್ಣೊರೆಸಿಕೊಂಡು, "ಚಪ್ಪಾಳೆ ಬೇಕಾದ್ರೆ ಹೊಡೀತೀನಿ ಸಾರ್, ಚೆಕ್ ಮಾತ್ರ ಕೇಳ್ಬೇಡಿ" ಅಂದರು.

ಸಂಜೆ ನರ್ಸಮ್ಮ ದಾನಿಯ ಸ್ವೆಟರಿನ ಗುಂಡಿ ಹಾಕುತ್ತಾ, ಹೊರಟೆನೆಂದು ಹೇಳಿದರು.

"ಯಾಕಮ್ಮಾ ಹೋಗ್ತೀಯ?"

"ದುಡ್ಡಿದೆ ತಾತ. ಕೊಟ್ಟೋರು ಮುಟ್ಬೇಡಿ ಅಂದಿದ್ದಾರೆ."

ಅಜ್ಜ ಕೋಲು ಕುಟ್ಟಿ ಎದ್ದು ನನ್ನ ಕಡೆ ತಿರುಗಿದರು. "ಯಾವನಯ್ಯಾ ಅವನು? ಕರಿ ಇಲ್ಲಿ! ನಾನು ಮಾತಾಡ್ತೀನಿ!"

ಮನೆಯವರು ಬಂದು ಕರೆದೊಯ್ಯುವವರೆಗೂ ಅಜ್ಜ ಬಾಗಿಲನ್ನೇ ನೋಡುತ್ತಾ ಅವನಿಗಾಗಿ ಕಾದರು. ನಾನೂ ಪಕ್ಕದಲ್ಲೇ ನಿಂತು ಕಾದೆ.