ಬೀದಿ ಗೋಡೆಯ ಹಂದರ

ಸಂಜೀವ,

ನೀನು ಮಲಗಿದ್ದೆ, ಎಬ್ಬಿಸಲಿಲ್ಲ. ನಾನು ಗಬ್ಬೂರಿನ ಬಸ್ಸಿಗೆ ಹೊರಟೆ. ರೊಟ್ಟಿ ಬುಟ್ಟಿಯಲ್ಲಿವೆ, ವಿಶಾಖಾಳಿಗೂ ಉಳಿಸು.

ಬೀದಿ ಗೋಡೆಗೆ ಅವಳು ಕೂರಿಸಿದ ಬಿದಿರಿನ ಹಂದರ ಮುಟ್ಟಬೇಡ. ಒಂದು ಕಡೆ ಬೆರಳಷ್ಟು ಇಳಿದಿದೆ, ಬಿಚ್ಚಿಸಬೇಕು ಎಂದು ನಿನ್ನೆ ನೀನು ಮೇಸ್ತ್ರಿಗೆ ಫೋನಿನಲ್ಲಿ ಅಂದದ್ದು ಅವಳ ಕಿವಿಗೆ ಬಿದ್ದಿದೆ. ಸರಿಯಾಗಿ ಉಣ್ಣಲೂ ಇಲ್ಲ. ನಾನು ಎರಡೂ ಕೈಯಿಂದ ಜಗ್ಗಿ ನೋಡಿದ್ದೇನೆ, ಒಂದಿಷ್ಟೂ ಅಲುಗುವುದಿಲ್ಲ.

ಹಂದರ ಕಟ್ಟಿದ ದಿನ ನೀನು ಮಾನ್ವಿಯಲ್ಲಿ ಡ್ಯೂಟಿ ಮೇಲಿದ್ದೆ, ಅವಳು ಏಣಿ ಹತ್ತಿದ್ದನ್ನು ನೋಡಲಿಲ್ಲ. ಓಣಿಯ ಹೆಂಗಸರೆಲ್ಲ ಬಂದು ನಿಂತಿದ್ದರು. "ಏನ್ ಬೇ ಮೂಕವ್ವಾ, ಸೊಸಿ ನಿನ್ನ ತಲಿ ಮ್ಯಾಲ ಹತ್ಯಾಳಲ್ಲ!" ಎಂದು ಪಕ್ಕದ ಮನೆಯ ರಂಜಾನಬಿ ನಕ್ಕಳು. "ಹತ್ತಲಿ ಬಿಡ್ಬೇ, ಏಣಿ ಹಿಡಕೊಂಡಾಕಿ ನಾನೇ ಅದೀನಿ" ಅಂದೆ. ನಮ್ಮ ಅತ್ತೆಯ ಕಾಲದಲ್ಲಿ ನಾನು ಕಟ್ಟೆಯ ಮೇಲೆ ಕೂತರೂ ಬೈಗುಳ ಬೀಳುತ್ತಿತ್ತು. ಕೊನೆಗೆ ರಂಜಾನಬಿಯೇ, "ನಮ್ಮ ಗ್ವಾಡಿಗೂ ಒಂದು ಹಾಕಿಕೊಡು ಯವ್ವಾ" ಎಂದು ಅವಳನ್ನು ಕೇಳಿದಳು.

ಬಿಸಿಲು ಇಳಿದ ಮೇಲೆ ಹೀರೆ ಬಳ್ಳಿಗೆ ನೀರು ಹಾಕು. ಹಂದರಕ್ಕೆ ನಿನ್ನ ಒದ್ದೆ ಟವೆಲ್ ಹಾಕಬೇಡ. ರಂಜಾನಬಿ ಮನೆಯ ಡ್ರಿಲ್ ಮಶೀನು ಕಪಾಟಿನ ಮೇಲಿದೆ, ಕೊಟ್ಟು ಬಾ.

ಮೇಸ್ತ್ರಿಗೆ ಬರಬೇಡ ಎಂದು ನಾನೇ ಹೇಳಿ ಕಳಿಸಿದ್ದೇನೆ. ಸಂಜೆ ವಿಶಾಖಾ ಪಾಠ ಹೇಳಿ ಶಾಲೆಯಿಂದ ಬಂದಾಗ ಹಂದರ ಚೆನ್ನಾಗಿದೆ ಅನ್ನು. ಒಳಗೆ ಬಂದ ಮೇಲೆ ಅಲ್ಲ, ಹೊರಗೆ ಗೋಡೆಯ ಹತ್ತಿರವೇ ನಿಂತು ಅನ್ನು. ಓಣಿಗೆಲ್ಲ ಕೇಳಲಿ.

ನಿನ್ನವ್ವ