ತೆಂಗಿನಕಾಯಿ ಎದ್ದು ನಿಂತ ಮೂಲೆ

ಬೋರಬಂಡ, ಹೈದರಾಬಾದ್
19 ಆಗಸ್ಟ್ 2003

ನಮ್ಮವ್ವ ಶಾಂಭವಿಗೆ ನಿನ್ನ ಸೋದರಮಾವ ಚಂದ್ರಾಮನ ಆಶೀರ್ವಾದಗಳು.

ಮೊದಲು ಒಂದು ಮಾತು ತಿಳಿದುಕೋ. ಈ ಹೈದರಾಬಾದಿನ ಮೇಲೆ ಹಾಯುವ ಯಾವ ಮೋಡವೂ ನನ್ನನ್ನು ಕೇಳದೆ ಒಂದು ಹನಿ ಉದುರಿಸುವುದಿಲ್ಲ. ಮೊನ್ನೆ ಹುಸೇನ್ ಸಾಗರದ ಮೇಲೆ ಸುಮ್ಮನೆ ನಿಂತಿದ್ದ ಮೋಡಕ್ಕೆ ನನ್ನ ಟ್ಯಾಂಕರಿನ ಹಾರ್ನ್ ಹೊಡೆದೆ. ಅರ್ಧ ತಾಸಿನಲ್ಲಿ ಸುರಿಯಿತು! ಮಾದಾಪುರದಲ್ಲಿ ತಿಂಗಳಿಗೊಂದು ಏಳುತ್ತಿರುವ ಗಾಜಿನ ಕಟ್ಟಡಗಳ ಕಂಪ್ಯೂಟರ್ ಮಂದಿಯೂ ನನ್ನ ಟ್ಯಾಂಕರ್ ನೀರು ಬಾರದೆ ಮುಖ ತೊಳೆಯುವುದಿಲ್ಲ.

ನಿನ್ನ ಪತ್ರ ಬಂತು. ನನ್ನ ಬಗ್ಗೆ ನಾಲ್ಕು ಸಾಲು, ನಿಮ್ಮ ಮಹೇಶಕುಮಾರ ಕಾಕಾ ಕೋಠಿ ಬಜಾರಿನಿಂದ ಕೊಂಡು ಕಳಿಸಿದ ಜಲಚಕ್ರದ ಚಾರ್ಟಿನ ಬಗ್ಗೆ ಇಪ್ಪತ್ತೆರಡು ಸಾಲು. ನಾನು ಬೆರಳಿಟ್ಟು ಎಣಿಸುವುದನ್ನು ನೋಡಿ ನಿನ್ನ ಅತ್ತೆ ಬಂಡೆಮ್ಮ, “ಕೂಸಿನ ಪತ್ರದಾಗ ಸಾಲು ಎಣಿಸಾಕತ್ತೀರಲ್ಲ, ನಾಚಿಕಿ ಬರೂದಿಲ್ಲೇನ್ರಿ?” ಎಂದಳು. ಬರುವುದಿಲ್ಲ.

ಹೇಳು, ಮಳೆ ಏನು ಬಾಣದ ಗುರುತು ನೋಡಿಕೊಂಡು ಮೇಲೆ ಹೋಗಿ ಕೆಳಗೆ ಬರುತ್ತದೆಯೇ? ಚಾರ್ಟ್ ಯಾರು ಬೇಕಾದರೂ ಕೊಳ್ಳಬಹುದು. ನಿನ್ನ ಕಾಕಾ ಮತ್ತು ನಾನು ಒಂದೇ ವಠಾರದಲ್ಲಿ ಗೋಡೆಗೆ ಗೋಡೆ ಅಂಟಿಕೊಂಡು ಇರುವವರು. ಅವನ ನೌಕರಿ ಏನು ಗೊತ್ತೇ? ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ನೀರು ಕುದಿಸುವುದು, ಅದರ ಆವಿಯನ್ನು ತಣಿಸಿ ಮತ್ತೆ ನೀರು ಮಾಡುವುದು. ನಿನ್ನ ಅತ್ತೆ ಚಹಾ ಮಾಡುವಾಗ ಮುಚ್ಚಳದ ಒಳಗೆ ಹನಿ ಕಟ್ಟುತ್ತದಲ್ಲ, ಅಷ್ಟೇ. ಅದಕ್ಕೊಂದು ಬಿಳಿ ಕೋಟು ಬೇರೆ! ಅದನ್ನು ಒಣಹಾಕುವುದೂ ನಮ್ಮ ಬಾಗಿಲಿನ ಎದುರಿಗೇ.

ಆದರೆ ಆ ಕೋಟಿನಿಂದಲೇ ನಿನಗೆ ಪಾಠ ಹೇಳುತ್ತೇನೆ. ಹಸಿ ಕೋಟು ಮಧ್ಯಾಹ್ನಕ್ಕೆ ಒಣಗಿತು. ನೀರು ಎಲ್ಲಿ ಹೋಯಿತು? ಯಾರೂ ಕುಡಿಯಲಿಲ್ಲ. ಬಿಸಿಲಿಗೆ ಕಣ್ಣಿಗೆ ಕಾಣದ ಆವಿಯಾಗಿ ಗಾಳಿಯಲ್ಲಿ ಸೇರಿತು. ಕೆರೆಯದೂ ಹಾಗೆಯೇ, ಸಮುದ್ರದ್ದೂ ಹಾಗೆಯೇ. ಉಪ್ಪು ಕೆಳಗೇ ಉಳಿದು ನೀರಷ್ಟೇ ಏಳುವುದರಿಂದ ಮಳೆ ಸಪ್ಪಗಿರುತ್ತದೆ. ಮೇಲೆ ಹೋದಷ್ಟೂ ತಂಪು. ಅಲ್ಲಿ ಆವಿ ಸಣ್ಣ ಸಣ್ಣ ಹನಿಯಾಗಿ, ಧೂಳಿನ ಕಣ ಹಿಡಿದು ತೇಲುತ್ತದೆ. ಅದೇ ಮೋಡ. ಹನಿ ಹನಿ ಕೂಡಿ ಭಾರವಾದರೆ ಮಳೆ.

ನಂಬಿಕೆ ಬಾರದಿದ್ದರೆ ಸ್ಟೀಲ್ ಚೊಂಬಿನಲ್ಲಿ ಐಸು ಹಾಕಿ ಇಡು. ಹೊರಗಡೆಯೆಲ್ಲ ಬೆವರುತ್ತದೆ. ಆ ನೀರು ಚೊಂಬಿನ ಒಳಗಿನಿಂದ ಬಂದದ್ದಲ್ಲ. ಸುತ್ತಲಿನ ಗಾಳಿಯ ಆವಿ ತಣ್ಣನೆಯ ಚೊಂಬಿಗೆ ತಾಗಿ ನೀರಾದದ್ದು. ಇದು ತಿಳಿಯದ ಒಬ್ಬ ಪುಣ್ಯಾತ್ಮ ಚೊಂಬು ಸೋರುತ್ತದೆಂದು ಬೇಗಂ ಬಜಾರಿನ ಅಂಗಡಿಗೆ ವಾಪಸು ಒಯ್ದು ಜಗಳ ಮಾಡಿದ್ದ. ಅವನ ಹೆಸರು ಬೇಡ. ನಿನ್ನ ಅತ್ತೆ ಹೇಳಿದರೂ ನಂಬಬೇಡ.

ಇನ್ನು ನಿನ್ನ ವಿಜ್ಞಾನ ಪ್ರದರ್ಶನದ ಮಾತು. ಬರುವ ಶನಿವಾರ ಒಂದು ಕಡೆ ಕಾಕಾನ ಚಾರ್ಟ್ ತೂಗುಹಾಕಿ, ಇನ್ನೊಂದು ಕಡೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು, “ನಮ್ಮ ಮಾವ ಹೀಂಗ ನೀರು ಹುಡುಕಿದ” ಎಂದು ಎಲ್ಲರ ಮುಂದೆ ತೋರಿಸುತ್ತೇನೆ ಎಂದಿದ್ದೀಯ. ಓದಿ ಎದೆ ಉಬ್ಬಿತು. ಆಮೇಲೆ ಯಾಕೋ ಇಳಿಯಿತು.

ಮೇ ತಿಂಗಳಲ್ಲಿ ವಠಾರದ ಬೋರು ಬತ್ತಿದಾಗ ನಿನ್ನ ಕಾಕಾ ಎಲ್ಲರನ್ನೂ ಕೂಡಿಸಿ, “ಕೆಳಗ ನೀರಿಲ್ಲದಾಗ ಇನ್ನೊಂದು ತೂತು ಕೊರದ್ರ ಏನಾದೀತು? ಮ್ಯಾಲಿಂದ ಬೀಳೂ ನೀರು ಕೆಳಗ ಇಳಿಯಾಕ ದಾರಿ ಮಾಡೂಣು” ಎಂದ. ಹಳೇ ಬೋರಿನ ಪಕ್ಕ ಗುಂಡಿ ತೋಡಿ, ಕಲ್ಲು ಮರಳು ತುಂಬಿ, ಮಾಳಿಗೆಯ ಮಳೆನೀರನ್ನು ಅದಕ್ಕೆ ಬಿಡಬೇಕಂತೆ. ಎಲ್ಲರೂ ಅವನ ಮುಖವನ್ನೇ ನೋಡಿ ಹೌದೆಂದು ತಲೆಯಾಡಿಸಿದರು. ಟ್ಯಾಂಕರಿನವನು ನಾನು, ನೀರಿನ ಮಾತು ನನ್ನನ್ನು ಕೇಳುವವರೇ ಇಲ್ಲ! ನೆಲದಡಿ ನೀರಿದ್ದಲ್ಲಿ ಅಂಗೈ ಮೇಲಿನ ಕಾಯಿ ಎದ್ದು ನಿಲ್ಲುತ್ತದೆ ಎನ್ನುತ್ತಾರಲ್ಲ, ನಾನು ತೆಂಗಿನಕಾಯಿ ಹಿಡಿದು ಹೊರಟೆ. ಗುಂಡಿಯ ಜಾಗಕ್ಕೆ ಎದುರಿನ ಮೂಲೆಯಲ್ಲಿ ಕಾಯಿ ಸಟ್ಟನೆ ಎದ್ದು ನಿಂತಿತು. “ಇಲ್ಲಿ ನೀರು ಬರಲಿಲ್ಲಂದ್ರ ಬೋರಿನ ಖರ್ಚೆಲ್ಲ ನಂದು” ಎಂದೆ. ಮನೆ ಮಾಲೀಕ ಸುಬ್ಬರಾಯರು ಕೈಮುಗಿದು, “ಚಂದ್ರಾಮ್ ಗಾರೂ, ನಿಮ್ಮ ಮಾತು ಮಾತೇ ಅಲ್ಲವಾ?” ಎಂದು ಎರಡು ಸಲ ಕೇಳಿದರು. ಮುಂದಿನದನ್ನು ಜೂನಿನ ಪತ್ರದಲ್ಲಿ ಬರೆದಿದ್ದೇನಲ್ಲ, ತಾಳೆಮರದೆತ್ತರ ಚಿಮ್ಮಿತೆಂದು.

ಈಗ ವಠಾರದಲ್ಲಿ ನೀರಿಗೆ ಕೊರತೆಯಿಲ್ಲ. ಚೆನ್ನಾಗಿ ಓದು. ಅಕ್ಕ ಶರಣಬಸಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ಒಬ್ಬನೇ ಮಾವ,
ಚಂದ್ರಾಮ

ತಾ.ಕ.: ಅತ್ತೆ ಪತ್ರ ಓದಿಸಿಕೊಂಡು ಕೇಳಿ, “ಅಕಿ ನಿಮ್ಮನ್ನ ನಂಬಿ ಸಾಲ್ಯಾಗ ನಿಂದ್ರತಾಳ. ಕಾಯಿ ಏಳಲಿಲ್ಲಂದ್ರ ಮಂದಿ ನಗೂದು ಅಕೀನ್ನ ನೋಡಿ, ನಿಮ್ಮನ್ನಲ್ಲ” ಎಂದು ಕೊಡ ಎತ್ತಿಕೊಂಡು ಬೋರಿಗೆ ಹೋದಳು. ಅವಳು ಬರುವುದರೊಳಗೆ ಬರೆಯುತ್ತಿದ್ದೇನೆ. ಅವ್ವಿ, ತೆಂಗಿನಕಾಯಿ ತೋರಿಸಬೇಡ. ಅದು ತಾನಾಗಿ ಏಳಲಿಲ್ಲ, ನಾನೇ ಹೆಬ್ಬೆರಳಿನಿಂದ ಎಬ್ಬಿಸಿದೆ. ತಾಳೆಮರದೆತ್ತರ ಚಿಮ್ಮಿದ್ದು ಧೂಳು. ನಾನೂರಿಪ್ಪತ್ತು ಅಡಿ ಕೊರೆದರೂ ಧೂಳೇ. ಈಗ ಅತ್ತೆ ತರಲು ಹೋಗಿರುವ ನೀರು ಹಳೇ ಬೋರಿನದು. ನಿನ್ನ ಕಾಕಾ ರಜೆಯ ದಿನ ಒಬ್ಬನೇ ಆ ಗುಂಡಿ ತೋಡಿದ್ದ. ಜುಲೈ ಮಳೆ ಅದರಲ್ಲಿ ಇಳಿದು ಬೋರು ಮತ್ತೆ ನೀರು ಕೊಟ್ಟಿತು. ಅವನ ಚಾರ್ಟಿನಲ್ಲಿ ನೆಲದೊಳಗೆ ಇಳಿಯುವ ಬಾಣ ಇದೆಯಲ್ಲ, ಅದು ಖರೇ. ಶನಿವಾರ ಅದನ್ನೇ ತೂಗುಹಾಕು. ಪಕ್ಕದಲ್ಲಿ ಐಸಿನ ಚೊಂಬು ಇಡು, ಅದರ ಮೇಲೆ ನನ್ನ ಹೆಸರು ಬರೆ. ಅವನ ಹೆಸರಿಗಿಂತ ಸ್ವಲ್ಪ ದೊಡ್ಡದಾಗಿ. ಇನ್ನೊಂದು ಮಾತು, ಯಾರಿಗೂ ಓದಿ ಹೇಳಬೇಡ: ಆ ಮೂಲೆಯಲ್ಲಿ ಹೋದದ್ದು ಮೂರು ಸಾವಿರ ಎಂದು ಅತ್ತೆಗೆ ಹೇಳಿದ್ದೇನೆ, ಐದು ಎಂದು ನಿನ್ನ ಕಾಕಾಗೆ. ಹೋದದ್ದು ಹದಿನೆಂಟು ಸಾವಿರದ ಒಂಬೈನೂರು ರೂಪಾಯಿ.