ಬೆರಳಿಗೆ ಸಿಗುವ ಪಟ್ಟದಕಲ್ಲು

ಇಳಕಲ್, ೯ ಜನವರಿ ೧೯೮೪. ನಸುಕು

ಕೆಟ್ಟ ಕನಸು. ಪರೀಕ್ಷೆಯಲ್ಲಿ ಚಂದಪ್ಪ ಕಾಗದದ ಮೇಲೆ ಕೈಯಾಡಿಸುತ್ತಿದ್ದಾನೆ. ಕಾಗದ ನುಣ್ಣಗೆ, ಏನೂ ತಗಲುತ್ತಿಲ್ಲ. ನನ್ನನ್ನು ಕರೆಯುತ್ತಾನೆ...

ಕಣ್ಣಿಲ್ಲದೆ ಅಕ್ಕನ ಮಗ ಇತಿಹಾಸದ ಎಂ.ಎ.ವರೆಗೆ ಬಂದ. ಪಾಠವನ್ನು ಯಾರಾದರೂ ಓದಿ ಹೇಳುತ್ತಾರೆ. ಗುಡಿಯ ನಕಾಶೆ ಓದಿ ಹೇಳುವುದು ಹೇಗೆ? ಪರೀಕ್ಷೆ ಏಪ್ರಿಲ್‌ಗೆ. ನಿನ್ನೆ ಅಂದ: "ಚಿಗವ್ವಾ, ಸೀರಿ ಮ್ಯಾಲೆ ಗೋಪುರ ಹೊಲೀತಿ. ನನಗೊಂದು ಪಟ್ಟದಕಲ್ಲ ಹೊಲಕೊಡು."

ಹೂಂ ಅಂದುಬಿಟ್ಟೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ತಪ್ಪಿದರೆ?

೧೨ ಜನವರಿ

ಲಗ್ನಪತ್ರಿಕೆಯ ದಪ್ಪ ಕಾಗದ. ಅದರ ಮೇಲೆ ಕಾಲೇಜಿನ ನೀಲಾಬಾಯಿ ಮೇಡಂ ಕೊಟ್ಟ, ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ನಕಾಶೆ. ದಾರವಿಲ್ಲದ ಸೂಜಿಯಿಂದ ಗೆರೆಗುಂಟ ಚುಚ್ಚಿದೆ. ಉಬ್ಬು ಕೆಳಮಗ್ಗಲಿಗೆ ಬಂತು. ತಿರುವಿ ಅವನ ಕೈಗಿಟ್ಟೆ.

ಬೆರಳು ಹರಿದಾಡಿತು. ನಿಂತಿತು. "ಬಾಗಲ ಸಿಕ್ತು," ಅಂದ. ಎಷ್ಟೋ ಹೊತ್ತು ಕಾಗದ ಕೆಳಗಿಡಲಿಲ್ಲ.

೨೮ ಜನವರಿ

ಹೆದರಿದ್ದೇ ಆಯಿತು.

ಮೇಡಂ ಮನೆಗೆ ಬಂದಿದ್ದರು. "ವಿರೂಪಾಕ್ಷ ಗುಡಿ ಮಾರಿ ಯಾವ ಕಡೆ, ಚಂದಪ್ಪ?"

"ಪಶ್ಚಿಮಕ್ಕರಿ. ಹೊಳಿನೂ ಆ ಕಡೇನ."

"ಹೊಳಿ ಯಾವಾಗ ಎದ್ದು ಹೋತಪಾ? ಅದು ಪೂರ್ವಕ್ಕೈತಿ."

ಕಾಗದವನ್ನು ನಕಾಶೆಯ ಪಕ್ಕ ಇಟ್ಟು ನೋಡಿದರು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ನಮ್ಮ ಕಸೂತಿಯ ಗವಂತಿ ಹೊಲಿಗೆಗೆ ಎರಡೂ ಮಗ್ಗಲು ಒಂದೇ. ತಿರುವಿದರೆ ಬದಲಾದೀತು ಎಂಬುದು ತಲೆಗೇ ಹೋಗಲಿಲ್ಲ. ಇಷ್ಟು ದಿನ ಹುಡುಗ ತಪ್ಪನ್ನೇ ಬಾಯಿಪಾಠ ಮಾಡಿದ್ದಾನೆ. ನನ್ನಿಂದ ಫೇಲಾದರೆ ಅಕ್ಕನಿಗೆ ಹೇಗೆ ಮುಖ ತೋರಿಸಲಿ...

ಅವನು ನಕ್ಕ. "ಅಳಬ್ಯಾಡ ಚಿಗವ್ವಾ. ಹಾಳಿ ತಿರುವಿ ಓದೂದಕ್ಕ ನಾ ಬ್ರೈಲ್ ಚುಚ್ಚೂದ ಬಲದಿಂದ ಎಡಕ್ಕ. ನನಗರ ಹೊಳೀಬೇಕಿತ್ತಿಲ್ಲೊ? ನಿನ್ನ ಗುಡಿ ಕೆಟ್ಟಿಲ್ಲ, ಮಗ್ಗಲ ಬದಲ್ ಮಾಡಿ ಮಲಗೈತಿ."

೩ ಫೆಬ್ರವರಿ

ನಕಾಶೆಯನ್ನು ಬಿಸಿಲಿಗೆ ಹಿಡಿದು, ಬೆನ್ನಿಗೆ ಕಂಡ ಗೆರೆಯನ್ನು ಪೆನ್ಸಿಲಿನಿಂದ ತಿದ್ದಿದೆ. ಹೊಸ ದಪ್ಪ ಕಾಗದದ ಮೇಲಿಟ್ಟು ಆ ಕಡೆಯಿಂದ ಚುಚ್ಚಿದೆ. ಹೊಳೆ ಪೂರ್ವಕ್ಕೆ ಬಂತು. ಮೇಡಂ ನೋಡಿ ಸರಿ ಅಂದರು. ಆದರೆ ಹಳೆಯದು ಅವನ ತಲೆಯಿಂದ ಹೋದೀತೆ? ಹಳೆಯ ಕಾಗದ ಒಲೆಗೆ ಹಾಕಿದೆ.

೧೯ ಏಪ್ರಿಲ್

ಪರೀಕ್ಷೆ ಮುಗಿಸಿ ಚಂದಪ್ಪ ಬಾಗಲಕೋಟೆಯಿಂದ ಸಂಜೆಯ ಬಸ್ಸಿಗೆ ಬಂದ. ಚೀಲ ಇಳಿಸುವ ಮೊದಲೇ ಹೇಳಿದ: "ಪಟ್ಟದಕಲ್ಲ ಬಂದಿತ್ತು. ನನ್ನ ಬದಲಿ ಬರಿಯಾಂವಗ ಎಲ್ಲಾ ನಾನ ಹೇಳಿದ್ನಿ. ಅವನ ಕೈಲೆ ನಕಾಶಿನೂ ತಗಿಸಿದ್ನಿ."

"ಹೊಳಿ?"

"ಪೂರ್ವಕ್ಕ ಚಿಗವ್ವಾ, ಪೂರ್ವಕ್ಕ. ನೀ ಮೊದಲ ಚಾ ಕುಡಿ."

ಫಲಿತಾಂಶ ಬರುವವರೆಗೂ ನನಗೆ ಅನುಮಾನವೇ. ಆದರೂ ಚಾ ಕುಡಿದೆ.

೬ ಮೇ

ಬಾಗಲಕೋಟೆಯಲ್ಲಿ ಅವನು ಪರೀಕ್ಷೆಗೆ ಉಳಿದಿದ್ದ ಹಾಸ್ಟೆಲಿನಲ್ಲಿ ಇನ್ನಿಬ್ಬರು ಕಣ್ಣಿಲ್ಲದವರಿಗೂ ಇಂಥ ನಕಾಶೆ ಬೇಕಂತೆ. ಬಾದಾಮಿಯ ಗುಹೆಗಳದೂ ಕೇಳಿದ್ದಾರೆ. ನನ್ನ ತಪ್ಪು ಇಬ್ಬರ ಕೈಗೂ ಹೋದರೆ ಎಂದೆ. ಅದಕ್ಕೇ ಮೊದಲು ತಾನು ನೋಡುತ್ತೇನೆಂದು ಚಂದಪ್ಪ ನಾನು ಚುಚ್ಚಿದ ಬಾದಾಮಿಯ ಕಾಗದ ಹಿಡಿದು ಕುಳಿತ. ಗೋಡೆಗುಂಟ ಬಂದ ಬೆರಳು ದಕ್ಷಿಣಕ್ಕೆ ನಿಂತಿತು.

"ಚಿಗವ್ವಾ, ಇಲ್ಲಿ ಸಂದು ಬಂತು. ಖರೇನ ಬಾಗಲೋ, ನೀ ಒಂದು ಚುಕ್ಕಿ ಮರತಿಯೋ? ನಕಾಶಿ ತಗೀ, ಇನ್ನೊಮ್ಮೆ ನೋಡಿ ಹೇಳು..."